ಮಗಳನ್ನ ಸ್ಕೂಲಲ್ಲಿ "ಸ್ವಾಟ್" ಅಂದ್ರಂತೆ, ಇದು ಹೊಗಳಿಕೆನಾ ಬೈಗುಳನಾ?

ಸ್ಲೌ_ಸುಮಾ:
ಎಲ್ರಿಗೂ ನಮಸ್ಕಾರ. ಪೋಸ್ಟ್ ಸ್ವಲ್ಪ ಉದ್ದ ಆಗುತ್ತೆ, ಬೇಜಾರ್ ಮಾಡ್ಕೋಬೇಡಿ. ನಾವಿರೋದು ಇಂಗ್ಲೆಂಡಿನ ಸ್ಲೌನಲ್ಲಿ. ಮಗಳು ಇಲೆವೆನ್ ಪ್ಲಸ್ ಅನ್ನೋ ಎಂಟ್ರೆನ್ಸ್ ಬರೆದು ಈ ಸೆಪ್ಟೆಂಬರ್‌ನಲ್ಲಿ ಗ್ರಾಮರ್ ಸ್ಕೂಲಿಗೆ ಇಯರ್ ಸೆವೆನ್‌ಗೆ ಸೇರಿದ್ಲು. ಮೊನ್ನೆ ಮನೆಗೆ ಬಂದೋಳೇ ಬ್ಯಾಗ್ ಎಸೆದು ಮೆಟ್ಟಿಲ ಮೇಲೆ ಮುಖ ಊದಿಸ್ಕೊಂಡು ಕೂತ್ಲು, ಶೂ ಕೂಡ ಬಿಚ್ಚಿಲ್ಲ. ಏನಾಯ್ತೇ ಅಂತ ಹತ್ತು ಸಲ ಕೇಳಿದ್ಮೇಲೆ "ನನ್ನ ಸ್ವಾಟ್ ಅಂದ್ರು" ಅಂದ್ಲು. ನಂಗೆ ಆ ಪದಾನೇ ಗೊತ್ತಿಲ್ಲ, ಆಫೀಸಲ್ಲಿ ನಾಲ್ಕು ಚೌಕ ಬರೆದು ಮಾಡೋ ಸ್ವಾಟ್ ಅನಾಲಿಸಿಸ್ ಒಂದೇ ಗೊತ್ತು. ಫೋನಲ್ಲಿ ಡಿಕ್ಷನರಿ ನೋಡಿದ್ರೆ ಕಷ್ಟಪಟ್ಟು ಓದೋರು ಅಂತ ಇತ್ತು. ಒಳ್ಳೇದೇ ಅಲ್ವೇನೇ, ಹೊಗಳಿದಾರಲ್ಲ ಅಂದೆ. ಅವಳು ನನ್ನ ಮುಖ ಒಂದ್ಸಲ ನೋಡಿ ಮೇಲೆ ಹೋಗಿ ಧಡಾರ್ ಅಂತ ಬಾಗಿಲು ಹಾಕ್ಕೊಂಡ್ಲು. ರಾತ್ರಿ ಊಟಕ್ಕೂ ಬರ್ಲಿಲ್ಲ, ಆಮೇಲೆ ಹನ್ನೊಂದಕ್ಕೆ ಎದ್ದು ಮೊಸರನ್ನ ತಿಂದ್ಲು ಅನ್ನಿ.

ಇದು ಎಷ್ಟು ಕೆಟ್ಟ ಪದ? ಸ್ಕೂಲಿಗೆ ಹೋಗಿ ಮಾತಾಡ್ಬೇಕಾ ಬಿಟ್ಬಿಡ್ಬೇಕಾ? ನಮ್ಮ ಕಡೆ ಇದಕ್ಕೆ ಏನಂತಾರೆ? ಇಲ್ಲಿ ಮಕ್ಕಳನ್ನ ಬೆಳೆಸಿದೋರು ಹೇಳಿ ಪ್ಲೀಸ್.

ಮಂಡ್ಯ_ಟು_ಮ್ಯಾಂಚೆಸ್ಟರ್:
ಕುಡುಮಿ. ಅಷ್ಟೇ ಮೇಡಂ. ಥ್ರೆಡ್ ಮುಗೀತು.

ಲೀಡ್ಸ್_ಪಾಟೀಲ:
ಸುಮಕ್ಕಾ, ಭಾಳ ತಲಿ ಕೆಡಿಸ್ಕೋಬ್ಯಾಡ್ರಿ. ಬೈಗುಳ ಖರೆ, ಆದ್ರ ಸಣ್ಣ ಬೈಗುಳ. ನಮ್ಮ ವಾರ್ಡಿನ್ಯಾಗ ಒಬ್ಬ ಹಿರಿ ಕನ್ಸಲ್ಟಂಟ್ ಅದಾನ, ಯಾರರ ಹೊಸಾ ಗೈಡ್‌ಲೈನ್ ಓದ್ಕೊಂಡು ಬಂದ್ರ "ಓ, ಸ್ವಾಟ್ ಬಂದ ನೋಡು" ಅಂತಾನ, ಅದ್ರಾಗ ಪ್ರೀತಿನೂ ಇರ್ತೈತಿ ಸ್ವಲ್ಪ ಹೊಟ್ಟಿಉರಿನೂ ಇರ್ತೈತಿ. ಮಜಾ ಏನಂದ್ರ ಅದನ್ನ ಕ್ರಿಯಾಪದ ಮಾಡಿ ಸ್ವಾಟ್ ಅಪ್ ಅಂದ್ರ ಅಪಮಾನನೇ ಇಲ್ಲ, ಕುಂತು ಓದು ಅಂತ ಅಷ್ಟ. ಅಂದ್ರ ಓದಬಹುದು, ಓದಾಂವ ಅನ್ನಿಸ್ಕೋಬಾರ್ದು, ಹಿಂಗೈತಿ ಇವರ ಲೆಕ್ಕ. ನಂದೂ ಇನ್ನ ಮೂರು ವಾರಕ್ಕ ಎಂಆರ್‌ಸಿಪಿ ಪಾರ್ಟ್ ಟೂ (ಡಾಕ್ಟರ್‌ಗಳ ಪರೀಕ್ಷಾ) ಐತ್ರಿ, ಏನೇನೂ ಓದಿಲ್ಲ, ಇಲ್ಲಿ ಕುಂತು ಟೈಪ್ ಮಾಡಾಕತ್ತೀನಿ.

ಹಳೇ_ಮೇಷ್ಟ್ರು:
ಸುಮಾ ಅವರೇ, ನಾನು ಮೈಸೂರಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಪಾಠ ಮಾಡಿ ರಿಟೈರಾದವನು. ಈಗ ಮಗನ ಮನೆಗೆ ರೆಡಿಂಗ್‌ಗೆ ಬಂದು (ಓದೋ ರೀಡಿಂಗ್ ಅಲ್ಲ, ಊರು) ಮೊಮ್ಮಗನ್ನ ಆಡಿಸ್ಕೊಂಡು ಕೂತಿದೀನಿ. ಇಂಥ ಪ್ರಶ್ನೆ ಕಣ್ಣಿಗೆ ಬಿದ್ರೆ ಸುಮ್ನಿರೋಕೆ ಆಗಲ್ಲ.

ಸ್ವಾಟ್ ಅಂದ್ರೆ ಬೆವರು ಕಣಮ್ಮ. ಸ್ವೆಟ್ ಅನ್ನೋ ಪದವೇ ಆಡುನುಡಿಯಲ್ಲಿ ಬಾಯಿ ತಿರುಗಿ ಸ್ವಾಟ್ ಆಗಿದೆ. ಇದರ ಹಿಂದೆ ಒಂದು ಕಥೆ ಹೇಳ್ತಾರೆ. ವಿಲಿಯಂ ವಾಲೇಸ್ ಅಂತ ಸ್ಕಾಟ್ಲೆಂಡಿನ ಗಣಿತದ ಮೇಷ್ಟ್ರು (ಕತ್ತಿ ಹಿಡಿದ ವಾಲೇಸ್ ಬೇರೆ, ಇವರು ಚಾಕ್‌ಪೀಸ್ ಹಿಡಿದವರು) 1803ರಲ್ಲಿ ರಾಯಲ್ ಮಿಲಿಟರಿ ಕಾಲೇಜಿಗೆ ಸೇರಿದರು, ಆ ಕಾಲೇಜು ಆಗ ನಿಮ್ಮ ಸ್ಲೌ ಹತ್ತಿರದ ಗ್ರೇಟ್ ಮಾರ್ಲೋದಲ್ಲಿತ್ತು, ಆಮೇಲೆ ಸ್ಯಾಂಡ್‌ಹರ್ಸ್ಟ್‌ಗೆ ಹೋಯ್ತು. ಲೆಕ್ಕ ಮಾಡಿದ್ರೆ ಬೆವರು ಬರುತ್ತೆ ಅಂತ ಅವರು ತಮ್ಮ ಸ್ಕಾಚ್ ನಾಲಿಗೆಯಲ್ಲಿ ಹೇಳಿದ್ದನ್ನ ಸೈನ್ಯ ಸೇರೋಕೆ ಬಂದಿದ್ದ ಹುಡುಗರು ಹಿಡ್ಕೊಂಡು ಅಣಕಿಸಿದ್ರಂತೆ. 19ನೇ ಶತಮಾನದ ಮಧ್ಯದ ಸ್ಲ್ಯಾಂಗ್ ನಿಘಂಟಲ್ಲೇ ಈ ಕಥೆ ಇದೆ. ಅದರಲ್ಲಿ ಸ್ವಾಟ್ ಅಂದ್ರೆ ಗಣಿತ, ಗಣಿತದವನೂ ಸ್ವಾಟ್, ಪರೀಕ್ಷೆಗೆ ಮೈಮುರಿದು ಓದೋದೂ ಸ್ವಾಟ್. ಕಥೆ ನಿಜಾನೋ ಕಟ್ಟಿದ್ದೋ, ಬೆವರು ಅನ್ನೋದರಲ್ಲಿ ಮಾತ್ರ ಅನುಮಾನ ಇಲ್ಲ.

ಗಮನಿಸಿ, ಆ ಪದದಲ್ಲಿ ಬುದ್ಧಿ ಎಲ್ಲೂ ಇಲ್ಲ. ನಿಮ್ಮ ಮಗಳನ್ನ ಯಾರೂ ದಡ್ಡಿ ಅಂದಿಲ್ಲ, ಜಾಣೆ ಅಂತ ಗೇಲಿಯೂ ಮಾಡಿಲ್ಲ. ನಿಂಗೆ ಬೆವರು ಬರ್ತಿದೆ, ನಮಗೆ ಕಾಣಿಸ್ತಿದೆ ಅಂದಿದಾರೆ. ಮೆಟ್ಟಿಲ ಮೇಲೆ ಕೂತಿದ್ದು ಅದಕ್ಕೇ.

ಸ್ಲೌ_ಸುಮಾ:
ಮೇಷ್ಟ್ರೇ ಅಬ್ಬಾ. ಇದನ್ನ ಓದಿ ಹೇಳೋಣ ಅಂತ ಮೇಲೆ ಹೋದೆ, "ಮಮ್ಮೀ ನೀನು ಸ್ವಾಟ್ ಅನ್ನೋ ಪದದ ಮೇಲೆ ಸ್ವಾಟ್ ಮಾಡ್ತಿದೀಯ" ಅಂದ್ಲು. ನಕ್ಕಳು ಸದ್ಯ.

ಮಂಡ್ಯ_ಟು_ಮ್ಯಾಂಚೆಸ್ಟರ್:
ಸ್ವಾಟ್ ಬಿಡಿ, ಮಗ್ ಕಥೆ ಕೇಳಿ. ನಾನು ಇಲ್ಲಿಗೆ ಬಂದು ಮೂರನೇ ವಾರ, ಟೀಮ್‌ನೋರೆಲ್ಲ ಶುಕ್ರವಾರ ಪಬ್‌ಗೆ ಕರ್ಕೊಂಡು ಹೋದ್ರು. ಕಾಲೇಜಲ್ಲಿ ಹೇಗಿದ್ದೆ ಅಂತ ಕೇಳಿದ್ರು, ನಾನು ಎದೆ ಉಬ್ಬಿಸ್ಕೊಂಡು "ಐ ವಾಸ್ ಅ ಬಿಗ್ ಮಗ್ಗರ್, ಪ್ರತಿ ರಾತ್ರಿ ಎರಡು ಗಂಟೆವರೆಗೂ ಮಗ್ಗಿಂಗ್, ಹಾಸ್ಟೆಲ್‌ನೋರೆಲ್ಲ ಸೇರಿ ಮಾಡ್ತಿದ್ವಿ" ಅಂದೆ. ಟೇಬಲ್ ಪೂರ್ತಿ ಸೈಲೆಂಟು. ಒಬ್ಬಳು ತನ್ನ ಹ್ಯಾಂಡ್‌ಬ್ಯಾಗನ್ನ ಚೇರಿಂದ ಎತ್ತಿ ತೊಡೆ ಮೇಲೆ ಇಟ್ಕೊಂಡ್ಲು, ಅದು ನಂಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂಗಿದೆ. ಇಲ್ಲಿ ಮಗ್ಗರ್ ಅಂದ್ರೆ ರಸ್ತೇಲಿ ಅಡ್ಡಹಾಕಿ ಹೊಡೆದು ಪರ್ಸ್ ಕಿತ್ಕೊಳ್ಳೋನು. ನಾನು ನೋಟ್ಸ್ ಉರು ಹೊಡೆದ ಕಥೆ ಹೇಳ್ತಿದೀನಿ, ಅವರು ಮಂಡ್ಯದಲ್ಲಿ ಗ್ಯಾಂಗ್ ಇತ್ತು ಅಂದ್ಕೊಂಡಿದಾರೆ.

ಲೀಡ್ಸ್_ಪಾಟೀಲ:
ಯಪ್ಪಾ, ನಕ್ಕು ನಕ್ಕು ಚಾ ಚೆಲ್ಲಿದೆ. ಹೆಂಡತಿ ಬೈಲಾಕತ್ತಾಳ.

ಹಳೇ_ಮೇಷ್ಟ್ರು:
ಮಂಡ್ಯದವರೇ, ಆ ಪದ ನಮ್ಮದಲ್ಲ, ಅವರದೇ. ಮಗ್ ಅಪ್ ಅಂದ್ರೆ ಪರೀಕ್ಷೆಗೆ ಓದ್ಕೊಳ್ಳೋದು ಅಂತ 19ನೇ ಶತಮಾನದಲ್ಲಿ ಇಲ್ಲಿಯ ಸ್ಕೂಲು ಕಾಲೇಜುಗಳಲ್ಲಿ ಬಳಕೆಯಲ್ಲಿತ್ತು. ಈಗಲೂ ವಯಸ್ಸಾದವರು ಪ್ರವಾಸಕ್ಕೆ ಹೋಗೋ ಮುಂಚೆ ಆ ಊರಿನ ಚರಿತ್ರೆ ಮಗ್ ಅಪ್ ಮಾಡ್ಕೊಂಡೆ ಅಂತಾರೆ, ಅದರಲ್ಲಿ ಬಾಯಿಪಾಠದ ವಾಸನೆ ಇಲ್ಲ, ಬೇಗ ಬೇಗ ತಿಳ್ಕೊಂಡೆ ಅಂತ ಅಷ್ಟೇ. ನಮ್ಮಲ್ಲಿಗೆ ಬಂದು ಅದು ಅರ್ಥ ಆಗದೇ ಉರು ಹೊಡೆಯೋದು ಅಂತ ಆಯ್ತು. ಇಲ್ಲಿಯ ಹೊಸ ತಲೆಮಾರು ಆ ಪದಾನ ಹೆಚ್ಚು ಕಮ್ಮಿ ಮರೆತಿದೆ, ನಾವು ಜೋಪಾನವಾಗಿ ಇಟ್ಕೊಂಡಿದೀವಿ. ಹಳೇ ಅಂಬಾಸಿಡರ್ ಕಾರಿನ ಥರಾನೇ.

ವಿಂಚೆಸ್ಟರ್ ಕಾಲೇಜ್ ಅಂತ ಇದೆಯಲ್ಲ, 1382ರಲ್ಲಿ ಶುರುವಾದ ಸ್ಕೂಲು, ಅಲ್ಲಿ ಹುಡುಗರದ್ದೇ ಒಂದು ಒಳಭಾಷೆ ಇದೆ, ನೋಷನ್ಸ್ ಅಂತಾರೆ. ಅದರಲ್ಲಿ ಓದೋದಕ್ಕೆ ಮಗ್ ಅಂತಲೇ ಹೆಸರು, ಓದೋ ಹಜಾರಕ್ಕೆ ಮಗ್ಗಿಂಗ್ ಹಾಲ್. ನಮ್ಮ ಬೆಂಗಳೂರಿನ ಅಳಿಯ ರಿಷಿ ಸುನಕ್ ಓದಿದ್ದು ಆ ಸ್ಕೂಲಲ್ಲೇ, ಹೆಡ್ ಬಾಯ್ ಬೇರೆ ಆಗಿದ್ದವರು.

ಮಂಡ್ಯ_ಟು_ಮ್ಯಾಂಚೆಸ್ಟರ್:
ಅಂದ್ರೆ ಪ್ರಧಾನಿ ಆಗಿದ್ದೋರೂ ಮಗ್ಗರ್ರೇ. ಸಮಾಧಾನ ಆಯ್ತು ಸಾರ್.

ಹೌನ್ಸ್ಲೋ_ನವೀನ್:
ಯಾರ ಹತ್ರನಾದ್ರೂ ಇಲೆವೆನ್ ಪ್ಲಸ್‌ಗೆ ಒಳ್ಳೆ ಟ್ಯೂಟರ್ ನಂಬರ್ ಇದ್ಯಾ? ವರ್ಬಲ್ ರೀಸನಿಂಗ್‌ಗೆ. ಅರ್ಜೆಂಟು.

ಸ್ಲೌ_ಸುಮಾ:
ನವೀನ್ ಅವರೇ ಇನ್‌ಬಾಕ್ಸ್ ನೋಡಿ. ಇಲ್ಲಿ ಬೇಡ.

ರೆಡಿಂಗ್_ರೂಪಾ:
ನಾನು ಇಲ್ಲಿ ಒಂದು ಸೆಕೆಂಡರಿ ಸ್ಕೂಲಲ್ಲಿ ಟೀಚಿಂಗ್ ಅಸಿಸ್ಟೆಂಟ್, ಒಂಬತ್ತನೇ ವರ್ಷ. ನಿಜ ಹೇಳ್ಬೇಕಂದ್ರೆ ಈಗಿನ ಮಕ್ಕಳ ಬಾಯಲ್ಲಿ ಸ್ವಾಟ್ ಕೇಳೋದು ಕಮ್ಮಿ, ಮಗಳ ಕ್ಲಾಸಲ್ಲಿ ಯಾರೋ ಅಜ್ಜಿ ಮನೇಲಿ ಬೆಳೆದ ಮಗು ಇರ್ಬೇಕು. ನಮ್ಮ ಕಡೆ ಕಿವಿಗೆ ಬೀಳೋದು ನೀಕ್. ನರ್ಡ್ ಮತ್ತೆ ಗೀಕ್ ಎರಡನ್ನೂ ಸೇರಿಸಿ ಲಂಡನ್ ಹುಡುಗರು ಮಾಡ್ಕೊಂಡಿರೋದು, ಅದು ಸ್ವಾಟ್‌ಗಿಂತ ಖಾರ, ಓದೋನು ಅನ್ನೋದಕ್ಕಿಂತ ಯಾರಿಗೂ ಬೇಡದವನು ಅನ್ನೋ ಕಡೆ ಜಾಸ್ತಿ. ಕೀನೋ ಅಂತಲೂ ಇದೆ, ಟೀಚರ್ ಪ್ರಶ್ನೆ ಮುಗಿಸೋ ಮುಂಚೆ ಕೈ ಎತ್ತೋರಿಗೆ. ಬಾಫ್ ಅಂತ ಕೆಲವು ಕಡೆ, ಬಾಫಿನ್ ಅನ್ನೋದರ ತುಂಡು. ಟ್ರೈಹಾರ್ಡ್ ಅಂತೂ ಎಲ್ಲದಕ್ಕೂ.

ಒಂದು ಹೇಳ್ತೀನಿ. ಹೋದ ವರ್ಷ ಇಯರ್ ಇಲೆವೆನ್‌ನಲ್ಲಿ ಒಬ್ಬ ಹುಡುಗ, ಹೆಸರು ಬೇಡ, ಮ್ಯಾತ್ಸ್ ಮಾಕ್‌ನಲ್ಲಿ (ಪೂರ್ವಸಿದ್ಧತಾ ಪರೀಕ್ಷೆ) ಗ್ರೇಡ್ 9 ತಗೊಂಡ. ಈಗ ಜಿಸಿಎಸ್‌ಇಯಲ್ಲಿ (ನಮ್ಮ ಎಸೆಸೆಲ್ಸಿ ಥರ) 9ಕ್ಕಿಂತ ಮೇಲೆ ಏನೂ ಇಲ್ಲ. ಪೇಪರ್ ವಾಪಸ್ ಕೊಟ್ಟಾಗ ನಾನು ಅವನ ಪಕ್ಕದಲ್ಲೇ ನಿಂತಿದ್ದೆ. ಮಾರ್ಕ್ಸ್ ನೋಡಿದ, ಮುಖದಲ್ಲಿ ಒಂದು ನರ ಅಲ್ಲಾಡ್ಲಿಲ್ಲ, ಪೇಪರನ್ನ ನಾಲ್ಕು ಮಡಿಕೆ ಮಾಡಿ ಬ್ಲೇಜರ್ ತೋಳೊಳಗೆ ತುರುಕಿದ. ಹಿಂದಿನೋನು ಎಷ್ಟು ಅಂದ, "ಬ್ಯಾಡ್, ಬ್ರೋ" ಅಂದ. ಬೆಲ್ ಹೊಡೆದು ಎಲ್ಲರೂ ಹೋದ್ಮೇಲೆ ವಾಪಸ್ ಬಂದು ನನ್ನ ಹತ್ರ ಮೆಲ್ಲಗೆ "ಮಿಸ್, ಇದು ನಿಮ್ಮ ಡ್ರಾಯರಲ್ಲಿ ಇರ್ಲಿ, ಮಡಿಕೆ ಆದ್ರೆ ನಮ್ಮಮ್ಮ ಫ್ರಿಜ್ ಮೇಲೆ ಅಂಟ್ಸೋಕೆ ಆಗಲ್ಲ" ಅಂದ. ಆಗಲೇ ಮಡಿಕೆ ಆಗಿತ್ತು ಪಾಪ, ಕೈಯಲ್ಲಿ ತೀಡಿ ತೀಡಿ ನೆಟ್ಟಗೆ ಮಾಡಿ ಇಟ್ಟೆ.

ಅಂದಹಾಗೆ ಆಟ ಆಡೋ ಹುಡುಗರ ಒಂದು ಪದ ಇದೆ, ಸ್ವೆಟಿ. ಆನ್‌ಲೈನ್ ಗೇಮ್‌ನಲ್ಲಿ ಸುಮ್ನೆ ಮಜಾಕ್ಕೆ ಆಡದೇ ಪ್ರಾಣ ಹೋಗೋ ಥರ ಗೆಲ್ಲೋಕೆ ಆಡೋನು ಸ್ವೆಟ್. ಮೇಷ್ಟ್ರ ಪೋಸ್ಟ್ ಓದಿದ್ಮೇಲೆ ಹೊಳೀತು, ಇನ್ನೂರು ವರ್ಷ ಸುತ್ತಾಡಿ ಬೆವರು ಮತ್ತೆ ಬೆವರಿಗೇ ಬಂದು ನಿಂತಿದೆ!

ಹಳೇ_ಮೇಷ್ಟ್ರು:
ರೂಪಾ, ಇದು ನಂಗೆ ಗೊತ್ತಿರ್ಲಿಲ್ಲ. ಮೊಮ್ಮಗನ್ನ ಕೇಳಿದೆ, ಹೌದು ತಾತ ನಿಂಗೆ ಹೆಂಗ್ ಗೊತ್ತು ಅಂದ. ಈ ಮನೆಯಲ್ಲಿ ಮೊದಲ ಸಲ ನನ್ನ ಮರ್ಯಾದೆ ಹೆಚ್ಚಾಯ್ತು.

ಮಂಗ್ಳೂರ್_ಬಂಗುಡೆ:
ನಾನು ಕೇಂಬ್ರಿಡ್ಜ್‌ನಲ್ಲಿ ಪಿಎಚ್‌ಡಿ ಮಾಡ್ತಾ ಉಂಟು ಮಾರಾಯ್ರೆ, ಎರಡು ಮಾತು ನಂದೂ ಇರ್ಲಿ. ಇಲ್ಲಿ ಮ್ಯಾತ್ಸ್‌ನವರಿಗೆ ಮ್ಯಾತ್ಮೋ ಅಂತಾರೆ, ಅದು ಪ್ರೀತಿಯ ಗೇಲಿ. ಆದ್ರೆ ಇದೇ ಊರಲ್ಲಿ ಒಂದು ಕಾಲದಲ್ಲಿ ಓದೋದು ಕುದುರೆ ರೇಸಿನ ಹಾಗೆ ಬಹಿರಂಗ ಆಗಿತ್ತು ಗೊತ್ತುಂಟಾ? ಮ್ಯಾತಮ್ಯಾಟಿಕಲ್ ಟ್ರೈಪಾಸ್‌ನಲ್ಲಿ (ಇಲ್ಲಿಯ ಗಣಿತದ ಡಿಗ್ರಿ ಪರೀಕ್ಷೆ) ಫಸ್ಟ್ ಕ್ಲಾಸ್ ಬಂದವರು ರ‍್ಯಾಂಗ್ಲರ್, ಅವರಲ್ಲಿ ಮೊದಲನೆಯವ ಸೀನಿಯರ್ ರ‍್ಯಾಂಗ್ಲರ್, ಸೆನೆಟ್ ಹೌಸಲ್ಲಿ ಒಂದರಿಂದ ಕೊನೆಯವರೆಗೆ ಹೆಸರು ಗಟ್ಟಿಯಾಗಿ ಓದ್ತಿದ್ರು. 1890ರಲ್ಲಿ ಫಿಲಿಪ್ಪಾ ಫಾಸೆಟ್ ಅಂತ ಒಬ್ಬ ಹುಡುಗಿಯ ಹೆಸರು ಬಂದಾಗ "ಸೀನಿಯರ್ ರ‍್ಯಾಂಗ್ಲರ್‌ಗಿಂತ ಮೇಲೆ" ಅಂತ ಓದಿದ್ರು, ಯಾಕಂದ್ರೆ ಹೆಂಗಸರಿಗೆ ಆ ಪಟ್ಟ ಕೊಡ್ಲಿಕ್ಕೆ ನಿಯಮ ಇರ್ಲಿಲ್ಲ. ಡಿಗ್ರಿಯೂ ಇಲ್ಲ. ಕೇಂಬ್ರಿಡ್ಜ್ ಹೆಂಗಸರಿಗೆ ಪೂರ್ತಿ ಡಿಗ್ರಿ ಕೊಟ್ಟದ್ದು 1948ರಲ್ಲಿ, ನಮಗೆ ಸ್ವಾತಂತ್ರ್ಯ ಬಂದ ಮೇಲೆ!

ಮತ್ತೆ ಆನರ್ಸ್ ಪಟ್ಟಿಯಲ್ಲಿ ಕೊನೆಗೆ ಬಂದವನಿಗೆ ಮರದ ಸೌಟು. ಸುಮ್ನೆ ಮಾತಿಗಲ್ಲ, ನಿಜವಾದ ಸೌಟು, ಗ್ಯಾಲರಿಯಿಂದ ಹಗ್ಗ ಕಟ್ಟಿ ಅವನ ಮುಂದೆ ಇಳಿಸ್ತಿದ್ರು. 1909ರಲ್ಲಿ ಕೊನೆಯ ಸೌಟು, ದೋಣಿಯ ಹುಟ್ಟಿನಷ್ಟು ಉದ್ದದ್ದು. ಅದಾದ ಮೇಲೆ ರ‍್ಯಾಂಕ್ ಓದುವ ಪದ್ಧತಿಯೇ ನಿಂತಿತು. ಮೊದಲು ಬಂದವನಿಗೆ ಬೀಳುವಷ್ಟೇ ಚಪ್ಪಾಳೆ ಕೊನೆಗೆ ಬಂದವನಿಗೂ ಬೀಳ್ತಿತ್ತಂತೆ. ಮೇಷ್ಟ್ರು ಹೇಳಿದ್ದಕ್ಕೆ ಇದು ಸರೀ ಕೂತುಕೊಳ್ತದೆ ಅಲ್ಲವಾ, ಮಧ್ಯದಲ್ಲಿ ಬೆವರು ಸುರಿಸಿ ಓದಿದವನನ್ನ ಕೇಳುವವರೇ ಇಲ್ಲ.

ಲೀಡ್ಸ್_ಪಾಟೀಲ:
ರ‍್ಯಾಂಗ್ಲರ್ ಅಂದಕೂಡ್ಲೆ ನೆನಪಾತು ನೋಡ್ರಿ. ನಮ್ಮ ಮುತ್ಯಾ ನಾವು ಲೆಕ್ಕ ತಪ್ಪಿದ್ರ "ಬಂದಾ ನೋಡು ರ‍್ಯಾಂಗ್ಲರ್ ಪರಾಂಜಪೆ" ಅಂತ ಹಂಗಸ್ತಿದ್ದ. ಯಾರೋ ಕಥಿಯೊಳಗಿನ ಮನಷ್ಯಾ ಅಂದ್ಕೊಂಡಿದ್ದೆ. ದೊಡ್ಡಾಂವ ಆದಮ್ಯಾಲ ಗೊತ್ತಾತು, ಆರ್. ಪಿ. ಪರಾಂಜಪೆ 1899ರಾಗ ಕೇಂಬ್ರಿಡ್ಜಿನ್ಯಾಗ ಸೀನಿಯರ್ ರ‍್ಯಾಂಗ್ಲರ್ ಆದ ಮೊದಲ ಭಾರತೀಯ, ಆಮ್ಯಾಲ ಪುಣೆ ಫರ್ಗ್ಯೂಸನ್ ಕಾಲೇಜಿನ ಪ್ರಿನ್ಸಿಪಾಲ್. ಇಲ್ಲಿ ಮರ್ತು ಬಿಟ್ಟ ಪಟ್ಟ ನಮ್ಮ ಧಾರವಾಡ ಕಡೆ ಹೆಸರಿನ ಮುಂದ ಅಂಟ್ಕೊಂಡು ಕುಂತೈತಿ.

ಮಂಡ್ಯ_ಟು_ಮ್ಯಾಂಚೆಸ್ಟರ್:
ರ‍್ಯಾಂಕ್ ಕಥೆ ಬಂತಲ್ಲ, ನಂದು ಇನ್ನೊಂದು. ನಮ್ಮ ಬಾಸ್ ಒಂದಿನ ಊಟಕ್ಕೆ ಕೂತಾಗ ನಗ್ತಾ "ನಂಗೆ ಸಿಕ್ಕಿದ್ದು ಡೆಸ್ಮಂಡ್" ಅಂದ. ನಾನು ಡೆಸ್ಮಂಡ್ ಅಂದ್ರೆ ಅವನ ನಾಯಿ ಅಂದ್ಕೊಂಡು ಎಷ್ಟು ವರ್ಷ ಈಗ ಅಂತ ಕೇಳಿದೆ. ಇಪ್ಪತ್ತೆರಡು ಅಂದ. ಅಷ್ಟು ವರ್ಷ ನಾಯಿ ಬದುಕುತ್ತಾ ಅಂತ ಆಶ್ಚರ್ಯ ಪಟ್ಟೆ.

ಡೆಸ್ಮಂಡ್ ಅಂದ್ರೆ ಡೆಸ್ಮಂಡ್ ಟುಟು, ಅಂದ್ರೆ ಟೂ ಟೂ, ಅಂದ್ರೆ 2:2 ಡಿಗ್ರಿ, ನಮ್ಮ ಸೆಕೆಂಡ್ ಕ್ಲಾಸ್ ಇದ್ದಂಗೆ. ಫಸ್ಟ್ ಬಂದ್ರೆ ಜೆಫ್, 1966ರ ವರ್ಲ್ಡ್ ಕಪ್ ಫೈನಲ್‌ನಲ್ಲಿ ಹ್ಯಾಟ್ರಿಕ್ ಹೊಡೆದ ಜೆಫ್ ಹರ್ಸ್ಟ್, ಹರ್ಸ್ಟ್ ಅಂದ್ರೆ ಫಸ್ಟ್. ಥರ್ಡ್ ಕ್ಲಾಸ್ ಡಗ್ಲಸ್, ವಿದೇಶಾಂಗ ಮಂತ್ರಿ ಆಗಿದ್ದ ಡಗ್ಲಸ್ ಹರ್ಡ್ ಹೆಸರಲ್ಲಿ. 2:1, ಅಂದ್ರೆ ಸೆಕೆಂಡ್ ಕ್ಲಾಸಲ್ಲೇ ಮೇಲಿನದು, ಅಟಿಲ್ಲಾ, ಅಟಿಲ್ಲಾ ದಿ ಹನ್, ಹನ್ ಅಂದ್ರೆ ವನ್. ಪಾಪ ಟುಟು ನೊಬೆಲ್ ಶಾಂತಿ ಪ್ರಶಸ್ತಿ ತಗೊಂಡಿದ್ದು ಒಂದು ಕಡೆ, ಇಲ್ಲಿ ಸೆಕೆಂಡ್ ಕ್ಲಾಸಿಗೆ ಹೆಸರಾಗಿದ್ದು ಇನ್ನೊಂದು ಕಡೆ. ಗಮನಿಸಿ, ಬಾಸ್ ಅದನ್ನ ಹೇಳ್ಕೊಂಡು ಖುಷಿಯಾಗಿದ್ದ. ಫಸ್ಟ್ ಕ್ಲಾಸ್ ತಗೊಂಡ ಇನ್ನೊಬ್ಬ ಪಕ್ಕದಲ್ಲೇ ಕೂತಿದ್ದ, ಅವನು ಬಾಯಿ ಬಿಡ್ಲಿಲ್ಲ, ಬೇರೆಯವರು ಹೇಳಿದ್ರು. ನಮ್ಮಲ್ಲಾಗಿದ್ರೆ ಅವರಪ್ಪ ಫ್ಲೆಕ್ಸ್ ಹಾಕಿಸ್ತಿದ್ರು.

ಸ್ಲೌ_ಸುಮಾ:
ಅದೇ ನೋಡಿ ನಂಗೆ ಅರ್ಥ ಆಗದೇ ಇರೋದು. ಓದಿ ಫಸ್ಟ್ ಬಂದೋನು ಯಾಕೆ ಮುಚ್ಚಿಡ್ಬೇಕು? ಹುಡುಗಿಯರಿಗೆ ಇದು ಇನ್ನೂ ಜಾಸ್ತಿನಾ?

ರೆಡಿಂಗ್_ರೂಪಾ:
ಹುಡುಗಿಯರಿಗೆ ಬೇರೆ ಥರ. ಹುಡುಗ ಓದಿದ್ರೆ ಗಂಡಸುತನ ಕಮ್ಮಿ ಅಂತ, ಹುಡುಗಿ ಓದಿದ್ರೆ ಅಯ್ಯೋ ಹುಡುಗಿಯರು ಓದ್ತಾರೆ ಬಿಡು, ತಲೆ ಇದ್ದು ಅಲ್ಲ ಅಂತ. ಬೋರಿಸ್ ಜಾನ್ಸನ್‌ದು ನೆನಪಿದೆಯಾ? ಗರ್ಲಿ ಸ್ವಾಟ್?

ಮಂಗ್ಳೂರ್_ಬಂಗುಡೆ:
ಅದು ಈ ಥ್ರೆಡ್ಡಿಗೆ ಹೇಳಿ ಮಾಡಿಸಿದ ಕಥೆ, ನಾನು ಹೇಳ್ತೇನೆ. 2019ರ ಆಗಸ್ಟ್, ಬ್ರೆಕ್ಸಿಟ್ ಗಲಾಟೆ. ಪಾರ್ಲಿಮೆಂಟನ್ನ ಐದು ವಾರ ಮುಚ್ಚಿಡ್ಲಿಕ್ಕೆ ಆಗಿನ ಪ್ರಧಾನಿ ಜಾನ್ಸನ್ ತಯಾರಿ. ಸೆಪ್ಟೆಂಬರ್‌ನಲ್ಲಿ ಅಧಿವೇಶನ ಸೇರೋದು ಬರೀ ನಾಟಕ, ಅದನ್ನ ಶುರು ಮಾಡಿದ್ದು "ಗರ್ಲಿ ಸ್ವಾಟ್" ಕ್ಯಾಮರೂನ್ (ಹಿಂದೆ ಪ್ರಧಾನಿ ಆಗಿದ್ದವ), ಎಂಪಿಗಳು ಕೆಲಸ ಮಾಡ್ತಾರೆ ಅಂತ ತೋರಿಸ್ಲಿಕ್ಕೆ, ಅಂತ ಕೈಬರಹದಲ್ಲಿ ಒಂದು ಟಿಪ್ಪಣಿ ಬರೆದಿದ್ದ. ಕೋರ್ಟಿಗೆ ಕೊಟ್ಟ ದಾಖಲೆಯಲ್ಲಿ ಅದು ಹೊರಗೆ ಬಂತು. ಓದಿದ ಹೆಂಗಸರೆಲ್ಲ ಟ್ವಿಟರಲ್ಲಿ ಹೌದು ನಾನು ಗರ್ಲಿ ಸ್ವಾಟ್ ಅಂತ ಹೆಸರಿನ ಪಕ್ಕದಲ್ಲೇ ಹಾಕಿಕೊಂಡ್ರು. ಸೆಪ್ಟೆಂಬರ್ 24ಕ್ಕೆ ಸುಪ್ರೀಂ ಕೋರ್ಟ್, 11 ಜಡ್ಜುಗಳು ಒಮ್ಮತದಿಂದ, ಪಾರ್ಲಿಮೆಂಟ್ ಮುಚ್ಚಿದ್ದು ಕಾನೂನುಬಾಹಿರ ಅಂತ ತೀರ್ಪು. ಓದಿದ್ದು ಲೇಡಿ ಹೇಲ್, ಆ ಕೋರ್ಟಿನ ಮೊದಲ ಮಹಿಳಾ ಅಧ್ಯಕ್ಷೆ, ಎದೆ ಮೇಲೆ ದೊಡ್ಡ ಜೇಡದ ಬ್ರೋಚ್. ಆಮೇಲೆ ಹುಡುಗಿಯರ ಸ್ಕೂಲುಗಳ ಒಂದು ಸಮ್ಮೇಳನದಲ್ಲಿ ಮಾತಾಡ್ತಾ ಗರ್ಲಿ ಸ್ವಾಟ್‌ಗಳಿಗೆ ಜೈ ಅನ್ನಿ ಅಂದ್ರು ಅವರು.

ಇದರಲ್ಲಿ ಇನ್ನೂ ರುಚಿ ಉಂಟು. ಆಕ್ಸ್‌ಫರ್ಡ್‌ನಲ್ಲಿ ಕ್ಯಾಮರೂನ್‌ಗೆ ಫಸ್ಟ್, ಜಾನ್ಸನ್‌ಗೆ 2:1. ಅಂದ್ರೆ ಜೆಫ್‌ನನ್ನ ಕಂಡು ಅಟಿಲ್ಲಾನಿಗೆ ಉರಿ. ಮತ್ತೆ ಸ್ಕೂಲಲ್ಲಿ ಇಬ್ಬರೂ ಈಟನ್, ಆದ್ರೆ ಪರೀಕ್ಷೆ ಬರೆದು ಸ್ಕಾಲರ್‌ಶಿಪ್ ತಗೊಂಡು ಕಿಂಗ್ಸ್ ಸ್ಕಾಲರ್ ಆದದ್ದು ಜಾನ್ಸನ್! ಆ ಎಪ್ಪತ್ತು ಹುಡುಗರು ಗೌನ್ ಹಾಕ್ತಾರೆ, ಅದಕ್ಕೇ ಉಳಿದವರು ಅವರಿಗೆ ಟಗ್ ಅಂತ ಅಡ್ಡಹೆಸರು ಇಟ್ಟದ್ದು, ಲ್ಯಾಟಿನ್ ಟೋಗಾದಿಂದ. ಸ್ಕೂಲಿಡೀ ಕುಡುಮಿ ಅನ್ನಿಸಿಕೊಂಡವ ದೊಡ್ಡವನಾಗಿ ತಲೆಕೂದಲು ಕೆದರಿಕೊಂಡು ನಾನು ಓದೇ ಇಲ್ಲ ಅನ್ನುವ ಹಾಗೆ ಓಡಾಡಿದ.

ಮಂಡ್ಯ_ಟು_ಮ್ಯಾಂಚೆಸ್ಟರ್:
ಆ ಕೂದಲು ಕೆದರ್ಕೊಳ್ಳೋಕೂ ಪ್ರಾಕ್ಟೀಸ್ ಬೇಕು ಸಾರ್.

ಹಳೇ_ಮೇಷ್ಟ್ರು:
ಸುಮಾ ಕೇಳಿದ್ದು ಯಾಕೆ ಮುಚ್ಚಿಡ್ತಾರೆ ಅಂತ. ನಂಗನ್ನಿಸೋದು ಹೇಳ್ತೀನಿ, ಒಪ್ಪದಿದ್ರೆ ಜಗಳ ಆಡಿ.

ಇದು ಅಂತಸ್ತಿನ ಮಾತು. ಆಸ್ಕ್ವಿತ್ ಅಂತ ಪ್ರಧಾನಿ, 1908ರಿಂದ 1916ರವರೆಗೆ ಇದ್ದವರು, ತಮ್ಮ ಬೇಲಿಯಲ್ ಕಾಲೇಜಿನವರ ಲಕ್ಷಣ ಅಂದ್ರೆ ಶ್ರಮವಿಲ್ಲದ ಶ್ರೇಷ್ಠತೆಯ ಪ್ರಶಾಂತ ಅರಿವು ಅಂದಿದ್ರು. ಜಮೀನು, ಹೆಸರು, ಸಂಬಂಧ ಎಲ್ಲ ಇದ್ದವನಿಗೆ ಬೆವರೋ ಅಗತ್ಯ ಇಲ್ಲ. ಬೆವರೋನು ಯಾರು? ಬೇರೆ ದಾರಿ ಇಲ್ಲದವನು. ಇದು ಚೆನ್ನಾಗಿ ಕಾಣೋದು ನಮ್ಮ ದೇಶದ ವಿಷಯದಲ್ಲೇ. ಮೊದಲು ಈಸ್ಟ್ ಇಂಡಿಯಾ ಕಂಪನಿಯ ಡೈರೆಕ್ಟರುಗಳು ತಮ್ಮ ಅಣ್ಣನ ಮಗ ತಂಗಿ ಮಗ ಅಂತ ಶಿಫಾರಸು ಮಾಡಿ ಹೇಲಿಬರಿ ಕಾಲೇಜಿಗೆ ಹಾಕಿ ಭಾರತಕ್ಕೆ ಅಧಿಕಾರಿ ಮಾಡಿ ಕಳಿಸ್ತಿದ್ರು. 1855ರಿಂದ ಲಂಡನ್ನಲ್ಲಿ ಬಹಿರಂಗ ಪರೀಕ್ಷೆ ಶುರುವಾಯ್ತು. ಪರೀಕ್ಷೆ ಪಾಸಾಗಿ ಬಂದ ಹುಡುಗರಿಗೆ ಹಳಬರು ಇಟ್ಟ ಹೆಸರು ಕಾಂಪಿಟಿಷನ್ ವಾಲಾ. ತರಕಾರಿ ವಾಲಾ ಇದ್ದಂಗೆ! ಇವರಿಗೆ ಪುಸ್ತಕ ಗೊತ್ತು, ಕುದುರೆ ಹತ್ತೋಕೆ ಬರಲ್ಲ, ಊಟದ ಮೇಜಿನಲ್ಲಿ ಮಾತಾಡೋಕೆ ಬರಲ್ಲ ಅಂತ ಗೇಲಿ. ಸತ್ಯೇಂದ್ರನಾಥ ಟಾಗೋರರು 1863ರಲ್ಲಿ ಪಾಸಾಗಿದ್ದು ಅದೇ ಪರೀಕ್ಷೆ, ಭಾರತೀಯರಲ್ಲಿ ಮೊದಲಿಗರು.

ಪರೀಕ್ಷೆ ಬಂದ್ಮೇಲೆ ಅದಕ್ಕೆ ತಯಾರು ಮಾಡೋ ಅಂಗಡಿಗಳೂ ಬಂದ್ವು, ಕ್ರ್ಯಾಮರ್ ಅಂತಿದ್ರು. ಕ್ರ್ಯಾಮ್ ಅಂದ್ರೆ ಗಿಡಿಯೋದು, ಕೋಳಿ ಕೊಬ್ಬಿಸೋಕೆ ಬಾಯಿಗೆ ತುರುಕ್ತಾರಲ್ಲ ಅದು. ಚರ್ಚಿಲ್ ಸ್ಯಾಂಡ್‌ಹರ್ಸ್ಟ್ ಪರೀಕ್ಷೆ ಎರಡು ಸಲ ಫೇಲಾಗಿ ಲಂಡನ್ನಿನ ಒಂದು ಕ್ರ್ಯಾಮರ್‌ಗೆ ಹೋಗಿ ತುರುಕಿಸ್ಕೊಂಡು 1893ರಲ್ಲಿ ಮೂರನೇ ಸಲಕ್ಕೆ ಪಾಸಾದರು. ಕೋಚ್ ಅನ್ನೋದೂ ಹುಡುಗರ ಸ್ಲ್ಯಾಂಗೇ, ಆಕ್ಸ್‌ಫರ್ಡ್‌ದು. ಕುದುರೆ ಗಾಡಿ ಥರ ದಡ್ಡನನ್ನ ಹೊತ್ಕೊಂಡು ಪರೀಕ್ಷೆ ದಾಟಿಸೋ ಖಾಸಗಿ ಮೇಷ್ಟ್ರು. ಅದೇ ಆಮೇಲೆ ಕೇಂಬ್ರಿಡ್ಜಲ್ಲಿ ಗೌರವದ ಪದ ಆಯ್ತು, ಎಡ್ವರ್ಡ್ ರೌತ್ ಅನ್ನೋ ಕೋಚ್ ಇಪ್ಪತ್ತಕ್ಕೂ ಹೆಚ್ಚು ಸೀನಿಯರ್ ರ‍್ಯಾಂಗ್ಲರುಗಳನ್ನ ತಯಾರು ಮಾಡಿದ. ಧಾರವಾಡದಲ್ಲೂ ವಿಜಯನಗರದಲ್ಲೂ ಕಂಬಕ್ಕೊಂದು ನೇತಾಡ್ತಿರೋ ಕೋಚಿಂಗ್ ಬೋರ್ಡಿನ ಮೂಲ ಆ ಕುದುರೆ ಗಾಡಿ. ಹೋಗೋ ಬರೋರೆಲ್ಲ ಪಾಸೆಂಜರ್‌ಗಳೇ.

ಮಂಡ್ಯ_ಟು_ಮ್ಯಾಂಚೆಸ್ಟರ್:
ಸಾರ್ ನಾನು ಜಗಳ ಆಡ್ತೀನಿ. ಅಂತಸ್ತು ಒಪ್ಕೋತೀನಿ, ಆದ್ರೆ ನಾವೇನು ಕಮ್ಮಿನಾ? ಕುಡುಮಿ ಅನ್ನೋದೂ ಬೈಗುಳಾನೇ. ಸೋಡಾಬುಡ್ಡಿ, ಪುಸ್ತಕದ ಹುಳು, ಎಣ್ಣೆ ತಲೆ, ಎಲ್ಲ ಅಂದಿದೀವಿ.

ಮಂಗ್ಳೂರ್_ಬಂಗುಡೆ:
ಅಂದಿದ್ದೀರಿ, ಆದ್ರೆ ಪರೀಕ್ಷೆ ಹಿಂದಿನ ದಿನ ಜೆರಾಕ್ಸ್ ಅಂಗಡಿಯಲ್ಲಿ ಯಾರ ನೋಟ್ಸ್ ಹಿಡ್ಕೊಂಡು ನಿಂತಿದ್ರಿ?

ಮಂಡ್ಯ_ಟು_ಮ್ಯಾಂಚೆಸ್ಟರ್:
...ಕುಡುಮಿದು.

ಲೀಡ್ಸ್_ಪಾಟೀಲ:
ನಮ್ಮ ಕಡೆ ಶಾಣ್ಯಾ ಅಂತೀವ್ರಿ. ಭಾಳ ಶಾಣ್ಯಾ ಅದಾನ ಅಂದ್ರ ಹೊಗಳಿಕಿ, ಭಾಳ ಶಾಣ್ಯಾ ಆಗಬ್ಯಾಡ ಅಂದ್ರ ಬಡತ ಬೀಳಾಕ ಬರ್ತಾವ ಅಂತ. ಇಲ್ಲಿ ಕ್ಲೆವರ್ ಕ್ಲಾಗ್ಸ್ ಅಂತಾರಲ್ಲ, ಅದಕ್ಕ ಸರೀ ಹೊಂದ್ತೈತಿ. ಆದ್ರ ಅದು ಜಾಣತನದ ಬೈಗುಳ, ಬೆವರಿಂದಲ್ಲ. ಬೆವರು ಸುರಿಸಿ ಓದಾಂವಗ ನಮ್ಮೂರಾಗ ಬೈಯಂಗಿಲ್ಲ, ಪಾಪ ಭಾಳ ಓದ್ತಾನ ಅಂತ ಹಾಲು ಹೆಚ್ಚಿಗಿ ಹಾಕ್ತಾರ. ನಾ ಎಸೆಸೆಲ್ಸಿ ಇದ್ದಾಗ ನಸುಕಿನ್ಯಾಗ ನಾಲ್ಕಕ್ಕ ಎದ್ದು ಕಟ್ಟಿ ಮ್ಯಾಲ ಕುಂತು ಗಟ್ಟಿ ದನಿಲೆ ಓದಬೇಕಿತ್ತು, ದನಿ ಕಡಿಮಿ ಆದ್ರ ಅಪ್ಪ ಒಳಗಿಂದ ಕೆಮ್ಮತಿದ್ದ. ಓಣಿ ಮಂದಿಗೆ ಕೇಳಬೇಕು, ಪಾಟೀಲರ ಹುಡುಗ ಓದಾಕತ್ತಾನ ಅಂತ. ನಮ್ಮ ಆಕಳಿಗೂ ಗೊತ್ತಿತ್ತು ದ್ಯುತಿಸಂಶ್ಲೇಷಣೆ ಅಂದ್ರ ಏನಂತ.

ರೆಡಿಂಗ್_ರೂಪಾ:
ಪಾಟೀಲ್ ಸರ್, ಆದ್ರೆ ಎಕ್ಸಾಂ ಹಾಲ್ ಬಾಗಿಲಲ್ಲಿ "ಏನೂ ಓದಿಲ್ಲ ಕಣೇ" ಅನ್ನದೇ ಇರೋ ಒಂದು ಹುಡುಗಿನ ತೋರಿಸಿ ನಮ್ಮೂರಲ್ಲಿ. ನಾವೂ ಮುಚ್ಚಿಡ್ತೀವಿ, ಫ್ರೆಂಡ್ಸ್ ಹತ್ರ. ಅಪ್ಪ ಅಮ್ಮನ ಹತ್ರ, ಓಣಿಯವರ ಹತ್ರ ತೋರಿಸ್ಕೋತೀವಿ. ಇಲ್ಲಿಯ ಕೆಲವು ಮಕ್ಕಳು ಅಪ್ಪ ಅಮ್ಮನ ಹತ್ರಾನೂ ಮುಚ್ಚಿಡ್ತಾರೆ, ಓದೋ ಪುಸ್ತಕದ ಮೇಲೆ ಗೇಮ್ ಓಪನ್ ಇಟ್ಕೊಂಡು. ನಮ್ಮ ಮಕ್ಕಳು ಗೇಮ್ ಮೇಲೆ ಪುಸ್ತಕ ಇಡ್ತಾರೆ. ಅಷ್ಟು ವ್ಯತ್ಯಾಸ ನಾನು ಕಂಡಿದ್ದು.

ಇನ್ನೊಂದು, ರಿವಿಷನ್ ಅನ್ನೋ ಪದ. ನಮಗೆ ರಿವಿಷನ್ ಅಂದ್ರೆ ಓದಿದ್ದನ್ನೇ ಇನ್ನೊಂದ್ಸಲ ಓದೋದು. ಇಲ್ಲಿ ಪರೀಕ್ಷೆಗೆ ಓದೋದಕ್ಕೆಲ್ಲ ರಿವಿಷನ್ನೇ, ಜೀವಮಾನದಲ್ಲಿ ಮೊದಲ ಸಲ ಪುಸ್ತಕ ತೆಗೆದ್ರೂ ರಿವಿಷನ್. ಮೊದಲು ಓದಿದ್ದು ಯಾವಾಗಪ್ಪಾ ಅಂತ ಯಾರೂ ಕೇಳಲ್ಲ.

ಸ್ಲೌ_ಸುಮಾ:
ರೂಪಾ, ಇಷ್ಟು ದಿನ ನಾನು ಅದಕ್ಕೇ ಮೋಸ ಹೋಗಿದ್ದಾ!

ಬಾಫಿನ್ ಅಂದ್ರಲ್ಲ ಆಗ, ಅದೇನು? ಪೇಪರಲ್ಲಿ ಯಾವಾಗ್ಲೂ ಬಾಫಿನ್ಸ್ ಸೇ ಅಂತ ಬರುತ್ತೆ.

ಹಳೇ_ಮೇಷ್ಟ್ರು:
ಬಾಫಿನ್ ಅಂದ್ರೆ ವಿಜ್ಞಾನಿ, ಎರಡನೇ ಮಹಾಯುದ್ಧದ ಕಾಲದಲ್ಲಿ ಏರ್‌ಫೋರ್ಸ್‌ನವರು ರೇಡಾರ್ ಮಾಡೋರಿಗೆ ಇಟ್ಟ ಹೆಸರು. ಅದು ಗೌರವ ಬೆರೆತ ತಮಾಷೆ, ಯಾಕಂದ್ರೆ ಪ್ರಾಣ ಉಳಿಸಿದವರು ಅವರೇ. ಸುಮಾ, ನಿಮ್ಮ ಊರಿಗೂ ಇದಕ್ಕೂ ನಂಟಿದೆ. ರೇಡಾರಿನ ವಾಟ್ಸನ್-ವಾಟ್ ಇದ್ದದ್ದು ಸ್ಲೌ ಪಕ್ಕದ ಡಿಟನ್ ಪಾರ್ಕಿನ ರೇಡಿಯೋ ರಿಸರ್ಚ್ ಸ್ಟೇಷನ್‌ನಲ್ಲಿ, ಅಲ್ಲಿಂದಲೇ 1935ರ ಫೆಬ್ರವರಿಯಲ್ಲಿ ಡಾವೆಂಟ್ರಿಗೆ ವ್ಯಾನ್ ತಗೊಂಡು ಹೋಗಿ ಹಾರ್ತಿರೋ ವಿಮಾನ ರೇಡಿಯೋ ಅಲೆಗೆ ಸಿಗುತ್ತೆ ಅಂತ ತೋರಿಸಿದ್ದು. ಈಗ ಫಿಸಿಕ್ಸ್ ಸಂಸ್ಥೆಯವರು ಈ ಪದ ಬಿಡಿ, ಬಿಳಿ ಕೋಟಿನ ಗಂಡಸು ಕಣ್ಣಮುಂದೆ ಬರ್ತಾನೆ, ಹುಡುಗಿಯರು ದೂರ ಓಡ್ತಾರೆ ಅಂತ ಪತ್ರಿಕೆಗಳನ್ನ ಕೇಳ್ಕೊಂಡಿದಾರೆ. ಪತ್ರಿಕೆಯವರು ಬಿಡ್ತಾರಾ, ಹೆಡ್‌ಲೈನಿಗೆ ಆರೇ ಅಕ್ಷರ, ಸೈಂಟಿಸ್ಟ್‌ಗೆ ಒಂಬತ್ತು.

ಹೌನ್ಸ್ಲೋ_ನವೀನ್:
ಸುಮಾ ಮೇಡಂ ಇನ್‌ಬಾಕ್ಸ್ ನೋಡಿದೆ ಥ್ಯಾಂಕ್ಸ್. ಥ್ರೆಡ್ ಪೂರ್ತಿ ಓದಿ ಈಗ ಟ್ಯೂಟರ್‌ಗೆ ಫೋನ್ ಮಾಡೋಕೆ ನಾಚಿಕೆ ಆಗ್ತಿದೆ.

ಸ್ಲೌ_ಸುಮಾ:
ಎರಡು ತಿಂಗಳ ಮೇಲೆ ಅಪ್‌ಡೇಟ್. ಸ್ಕೂಲಿಗೆ ಹೋಗಿ ಮಾತಾಡ್ಲಿಲ್ಲ, ಮಗಳೇ ಬೇಡ ಅಂದ್ಲು. ಸ್ವಾಟ್ ಅಂದಿದ್ದ ಹುಡುಗಿ ಈಗ ಪ್ರತಿ ಭಾನುವಾರ ರಾತ್ರಿ ಎಂಟಕ್ಕೆ ಮೆಸೇಜ್ ಮಾಡ್ತಾಳೆ, ಫ್ರೆಂಚ್ ಹೋಂವರ್ಕ್ ಫೋಟೋ ಕಳಿಸು ಅಂತ. ನಾನು ಕಳಿಸ್ಬೇಡ ಅಂದೆ. ಇವಳು "ಫೋಟೋ ಕಳಿಸಲ್ಲ ಮಮ್ಮಿ, ಫೋನ್ ಮಾಡಿ ಹೇಳ್ಕೊಡ್ತೀನಿ, ಅವಳಿಗೆ ಬೆವರು ಬರ್ಲಿ" ಅಂದ್ಲು. ಮೇಷ್ಟ್ರೇ ಇದು ನಿಮ್ಮ ಪಾಠ.

ಪಾಟೀಲ್ ಅವರೇ ನಿಮ್ಮ ಪರೀಕ್ಷೆ ಏನಾಯ್ತು?

ಲೀಡ್ಸ್_ಪಾಟೀಲ:
ಪಾಸ್ ಆತ್ರಿ ಸುಮಕ್ಕಾ. ಏನೂ ಓದಿರಲಿಲ್ಲ ಖರೆ ಹೇಳ್ತೀನಿ, ಹಂಗ ಹೋಗಿ ಬರದು ಬಂದೆ, ಲಕ್ ಛಲೋ ಇತ್ತು.

ಪಾಟೀಲ_ಅವರ_ಮನಿಯಾಕಿ:
ಎಲ್ಲಾರಿಗೂ ನಮಸ್ಕಾರ್ರಿ, ಇದಕ್ಕಾಗೇ ಅಕೌಂಟ್ ಮಾಡೀನಿ. ನಸುಕಿನ್ಯಾಗ ನಾಲ್ಕಕ್ಕ ಎದ್ದು ಬಾತ್‌ರೂಮಿನ್ಯಾಗ ಬಾಗಿಲಾ ಹಾಕ್ಕೊಂಡು ಗಟ್ಟಿಯಾಗಿ ಓದ್ತಿದ್ರು. ಪಕ್ಕದ ಮನಿ ಇಂಗ್ಲಿಷ್ ಅಜ್ಜಿ ಬಂದು ಯಾರಿಗರ ಆರಾಮಿಲ್ಲೇನು ಅಂತ ಕೇಳಿದ್ಲು.